ಸ್ಕ್ಯಾನ್ ಮಾಡಿದ ಸದಕಾ ಎಲ್ಲಿಗೆ ಹೋಗುತ್ತದೆ?

ರಮಝಾನ್ ಬಂತೆಂದರೆ ರಸೀದಿ ಪುಸ್ತಕ ಹಿಡಿದವರು ಬಾಗಿಲಿಗೆ ಬರುವುದು ಹಳೆಯ ರೂಢಿ. ಈಗಲೂ ಬರುತ್ತಾರೆ, ಆದರೆ ಪುಸ್ತಕದ ಜೊತೆ ಕ್ಯೂಆರ್ ಚೀಟಿಯೂ ಇರುತ್ತದೆ. 'ಚಿಲ್ಲರೆ ಇಲ್ಲ' ಎಂಬ ನೆಪ ನಡೆಯುವುದಿಲ್ಲ! 2016ರಲ್ಲಿ ಯುಪಿಐ ಆರಂಭವಾದ ಮೇಲೆ ಚನ್ನಪಟ್ಟಣದ ಬೊಂಬೆ ಅಂಗಡಿಯಿಂದ ಮಾಗಡಿಯ ತರಕಾರಿ ಗಾಡಿಯವರೆಗೆ ಹಣ ಮೊಬೈಲ್‌ನಲ್ಲೇ ಓಡಾಡುತ್ತಿದೆ. ಸದಕಾ ಹಿಂದುಳಿದೀತೇ?

ಸ್ಕ್ಯಾನ್ ಮಾಡುವುದು ಮಕ್ಕಳಿಗೂ ಗೊತ್ತು. ಹಣ ಯಾರ ಖಾತೆಗೆ ಹೋಗುತ್ತದೆಂದು ನೋಡುವವರು ಕಡಿಮೆ. ಪಿನ್ ಒತ್ತುವ ಮುನ್ನ ಪರದೆಯಲ್ಲಿ ಒಂದು ಹೆಸರು ಕಾಣಿಸುತ್ತದೆ. ಸಂಸ್ಥೆಯ ಹೆಸರಿನ ಬದಲು ವ್ಯಕ್ತಿಯೊಬ್ಬರ ಹೆಸರಿದ್ದರೆ ಕೇಳಲೇಬೇಕು. ಅವರು ಪ್ರಾಮಾಣಿಕರೇ ಇರಬಹುದು. ಆದರೆ ನಾಳೆ ಅವರು ತೀರಿಕೊಂಡರೆ ಅನಾಥರ ಹಣ ಅವರ ವಾರಸುದಾರರ ಸ್ವತ್ತಿನೊಂದಿಗೆ ಬೆರೆತುಹೋಗುತ್ತದೆ.

ಇನ್ನೊಂದು ತೊಡಕು ಝಕಾತ್‌ನದು. ಅದಕ್ಕೆ ಹಕ್ಕುದಾರರಾದ ಎಂಟು ವರ್ಗಗಳನ್ನು ತೌಬಾ ಅಧ್ಯಾಯದ 60ನೇ ವಚನ ಹೆಸರಿಸಿದೆ. ಕಟ್ಟಡ ನಿಧಿಗೂ ಝಕಾತ್‌ಗೂ ಒಂದೇ ಚೀಟಿ ಅಂಟಿಸಿದರೆ ಬ್ಯಾಂಕಿನ ಲೆಕ್ಕದಲ್ಲಿ ಕಾಣುವುದು ಬರೀ ಮೊತ್ತ. ಬೇರೆ ಬೇರೆ ಖಾತೆ ಇರುವುದು ಲೇಸು. ಅಷ್ಟಾಗದಿದ್ದರೆ, ಹಣ ಕಳುಹಿಸುವಾಗ ಟಿಪ್ಪಣಿಯ ಜಾಗದಲ್ಲಿ 'ಝಕಾತ್' ಎಂದು ಬರೆಯುವಂತೆ ದಾನಿಗಳಿಗೆ ತಿಳಿಸಬೇಕು.

ಇದನ್ನೆಲ್ಲ ಹೇಳಿಕೊಡಲು ಬೆಂಗಳೂರಿನಿಂದ ತಜ್ಞರು ಬರಬೇಕೇ? 2000-01ರಲ್ಲಿ ಸ್ತ್ರೀಶಕ್ತಿ ಸಂಘಗಳು ಹುಟ್ಟಿದಾಗ ಬಡ್ಡಿ ಲೆಕ್ಕ, ಪಾಸ್‌ಪುಸ್ತಕಗಳನ್ನು ಎಷ್ಟೋ ಮಹಿಳೆಯರು ಕಲಿತದ್ದು ಪಕ್ಕದಲ್ಲಿ ಕುಳಿತವಳಿಂದಲೇ. ಹಾಗೆಯೇ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸಣ್ಣ ಟ್ರಸ್ಟ್‌ಗಳು, ಮದ್ರಸ ಸಮಿತಿಗಳು ತಿಂಗಳಿಗೊಮ್ಮೆ ಒಟ್ಟಿಗೆ ಕೂರಬಹುದು. ಕನಕಪುರ, ಮಾಗಡಿಗೆ ರೈಲಿಲ್ಲ. ಎಲ್ಲರಿಗೂ ಬಸ್ ಸಿಗುವ ರಾಮನಗರವೇ ಅನುಕೂಲ. ಸಮಿತಿಯಿಂದ ಒಬ್ಬರಾದರೂ ಮಹಿಳೆ ಬರಲಿ. ಮನೆ ಮನೆಗೆ ಹೋಗಿ ವಿಧವೆಯರ ಕಷ್ಟ ಕೇಳುವವರು ಅವರೇ ತಾನೇ? ಲೆಕ್ಕದ ಮೇಜಿಗೆ ಮಾತ್ರ ಅವರನ್ನು ಕರೆಯದಿರುವುದು ಯಾವ ನ್ಯಾಯವೋ!

ಒಂದೂರಿನವರು ಎಡವಿದ್ದನ್ನು ಇನ್ನೊಂದೂರಿನವರು ಕೇಳಿಸಿಕೊಂಡರೆ ಅರ್ಧ ಪಾಠ ಮುಗಿಯಿತು. ಕೀಪ್ಯಾಡ್ ಫೋನ್ ಇರುವವರಿಗೂ 2022ರಿಂದ ಯುಪಿಐ 123ಪೇ ಇದೆ, ಬಲ್ಲವರು ತೋರಿಸಿಕೊಡಲಿ. ಗುಟ್ಟಾಗಿ ಕೊಡಬಯಸುವವರ ಹೆಸರೂ ಸಂಸ್ಥೆಯ ಖಾತೆಯಲ್ಲಿ ಕಾಣಿಸುತ್ತದೆ. ಆ ಪಟ್ಟಿ ಯಾರ ಕೈಯಲ್ಲಿರಬೇಕು, ವಾಟ್ಸಾಪ್‌ಗೆ ಏನು ಹಾಕಬಾರದು ಎಂಬುದೂ ಅಲ್ಲೇ ತೀರ್ಮಾನವಾಗಲಿ.

ಸಹಾಯ ಪಡೆಯುವ ಸಹೋದರಿಯರಿಗೆ ಮೊದಲ ದಿನವೇ ಮುಟ್ಟಿಸಬೇಕಾದ ಮಾತೊಂದಿದೆ: ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. 'ಸ್ಕಾಲರ್‌ಶಿಪ್ ಬಂದಿದೆ, ಪಿನ್ ಒತ್ತಿ' ಎಂದು ಕರೆ ಬಂದರೆ ಫೋನ್ ಇಟ್ಟುಬಿಡಿ.