ಮೀದಾಸನ ರೊಟ್ಟಿ

ಹಗುರವಾದ ಕಟ್ಟಿಗೆಯನ್ನು ಕೆತ್ತಿ, ಬಣ್ಣ ಬಳಿದು, ನೋಡಿದವರ ಬಾಯಲ್ಲಿ ನೀರೂರುವಂತೆ ಗೋಕಾವಿಯ ಕುಶಲಿಗಳು ಮಾಡುವ ಹಣ್ಣುಗಳನ್ನು ನಮ್ಮ ಸೀಮೆಯಲ್ಲಿ ಕಾಣದವರು ವಿರಳ. ಹುಕ್ಕೇರಿಯ ನಮ್ಮ ಮನೆಯ ಗೋಡೆಯ ಮಾಡದಲ್ಲಿಯೂ ಅಂಥದೊಂದು ಮಾವಿನಹಣ್ಣು ಬಹುಕಾಲದಿಂದ ಇದೆ. ಕಳೆದ ಬೇಸಗೆಯ ಒಂದು ಸಂಜೆ, ತಾನು ಮುಟ್ಟಿದುದೆಲ್ಲವೂ ಹೊನ್ನಾಗಲೆಂದು ದೇವತೆಯಲ್ಲಿ ವರ ಬೇಡಿದ ಫ್ರಿಜಿಯಾ ದೇಶದ ದೊರೆ ಮೀದಾಸನ ಕಥೆಯನ್ನು ಎಂಟು ವರ್ಷದ ಮೊಮ್ಮಗಳಿಗೆ ಹೇಳುತ್ತ, ದೊರೆಯು ಹಸಿದು ಊಟಕ್ಕೆ ಕುಳಿತ ಘಟ್ಟಕ್ಕೆ ಬಂದಾಗ, ಆ ಕಟ್ಟಿಗೆಯ ಹಣ್ಣನ್ನು ಅವಳ ಕೈಗಿತ್ತು "ಕಚ್ಚಿ ನೋಡು" ಎಂದೆನು. ಹಲ್ಲಿಗೆ ತಾಗಿ ಟಕ್ಕೆಂದಿತು. ನಗುತ್ತಿದ್ದ ಮುಖ ಒಮ್ಮೆಗೇ ಗಂಭೀರವಾಯಿತು. "ಅಜ್ಜಾ, ರೊಟ್ಟಿನೂ ಬಂಗಾರ ಆತಂದ್ರ ಅಂವ ತಿನ್ನೂದೇನ? ನೀರ ಸೈತ ಕುಡ್ಯಾಕ ಬರೂದಿಲ್ಲಲಾ!"

ಆ ದನಿಯಲ್ಲಿ ಭಯವಿತ್ತು, ಮೀದಾಸನ ಮೇಲೆ ಕನಿಕರವಿತ್ತು. ಮಕ್ಕಳ ಪಾಲಿಗೆ ಈ ಭಯವನ್ನೂ ಈ ಕನಿಕರವನ್ನೂ ಉಳಿಸಿಕೊಡಬೇಕೆಂಬುದೇ ನನ್ನ ವಿಜ್ಞಾಪನೆ. ಏಕೆಂದರೆ ಮರುದಿನ ಅದೇ ಕಥೆಯನ್ನು ಅವಳು ತಾನೇ ಓದಿಕೊಳ್ಳಲೆಂದು ಅಂಗಡಿಯಿಂದ ತಂದಿದ್ದ ಪುಸ್ತಕವನ್ನು ತೆರೆದರೆ, ಅಲ್ಲಿ ಮೀದಾಸನ ಹಸಿವಿಗೆ ಎರಡು ಸಾಲು, ಅವನ ಪಶ್ಚಾತ್ತಾಪಕ್ಕೆ ಒಂದು ಸಾಲು, ಕೊನೆಗೆ ಚೌಕಟ್ಟಿನೊಳಗೆ ದಪ್ಪಕ್ಷರಗಳಲ್ಲಿ ದುರಾಸೆಯ ವಿಷಯವಾಗಿ ಒಂದು ನೀತಿ. ಇಂಗ್ಲಿಷಿನ ಸಂಕ್ಷೇಪವನ್ನು ಮತ್ತೊಮ್ಮೆ ಸಂಕ್ಷೇಪಿಸಿ, ವಾಕ್ಯದ ಬೆನ್ನೆಲುಬನ್ನು ಆ ಭಾಷೆಯದಾಗಿಯೇ ಉಳಿಸಿ, ಮೇಲೆ ಕನ್ನಡದ ಅಕ್ಷರಗಳನ್ನು ಹೊದಿಸಿದ ಬರಹವದು. ಮಗು ಅದನ್ನು ಓದಿ ಮುಗಿಸಿ, ಏನನ್ನೂ ಕೇಳದೆ ಮಡಚಿಟ್ಟಿತು.

ಈ ಚೌಕಟ್ಟಿನ ನೀತಿಗೆ ಪ್ರಾಚೀನತೆಯ ಆಸರೆಯೂ ಇಲ್ಲ. ಈಸೋಪನು ಸಾಮೋಸ್ ದ್ವೀಪದಲ್ಲಿ ದಾಸನಾಗಿದ್ದವನೆಂದು ಹೆರೊಡೊಟಸನ ಇತಿಹಾಸ ಹೇಳುತ್ತದೆ. ಅವನ ಹೆಸರಿನಲ್ಲಿ ನಡೆದುಬಂದ ಕಥೆಗಳ ಹಿಂದೆ ಮುಂದೆ ನೀತಿವಾಕ್ಯಗಳನ್ನು ಹೊಲಿದವರು ಅವುಗಳನ್ನು ಸಂಗ್ರಹಿಸಿದ ತರುವಾಯದವರು. ಬಲಿಷ್ಠರ ಎದುರಿನಲ್ಲಿ ನೇರವಾಗಿ ಆಡಲಾಗದ ಮಾತನ್ನು ನರಿ, ತೋಳ, ಕುರಿಮರಿಗಳ ಬಾಯಿಂದ ಆಡಿಸಿದ ಕಥೆಗಳಿಗೆ ಬಾಲಂಗೋಚಿಯ ಅವಶ್ಯಕತೆಯಾದರೂ ಏನಿದ್ದೀತು? ದುರ್ಗಸಿಂಹನು 1031ರ ಸುಮಾರಿನಲ್ಲಿಯೇ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ನೀತಿಗೆ ಕೊರತೆಯಿಲ್ಲ, ನಿಜ; ಆದರೆ ಚಾಡಿಗೆ ಕಿವಿಗೊಟ್ಟ ಸಿಂಹವು ತನ್ನ ಸಖನಾದ ಎತ್ತನ್ನು ಕೊಂದಿತೆಂಬುದನ್ನು ಕೇಳಿ ಎದೆ ಭಾರವಾಗದ ಮಗುವಿಗೆ ಆ ನೀತಿಯಿಂದ ಬರುವ ಲಾಭ ಅತ್ಯಲ್ಪವೇ ಸರಿ.

ಮೂಲವನ್ನು ಕದಲಿಸಕೂಡದೆಂಬ ಹಟ ನನಗಿಲ್ಲ. ಮೀದಾಸನು ಅಪ್ಪಿಕೊಂಡೊಡನೆ ಅವನ ಮುದ್ದುಮಗಳು ಹೊನ್ನಿನ ಬೊಂಬೆಯಾದಳೆಂಬ, ಇಂದು ಎಲ್ಲರೂ ಬಲ್ಲ ಪ್ರಸಂಗವು ರೋಮಿನ ಕವಿ ಓವಿಡನಲ್ಲಿ ಇಲ್ಲವೇ ಇಲ್ಲ. ಅಮೆರಿಕೆಯ ನಥಾನಿಯಲ್ ಹಾಥಾರ್ನನು 1851ರಲ್ಲಿ ಮಕ್ಕಳಿಗಾಗಿ ಗ್ರೀಕ್ ಕಥೆಗಳನ್ನು ಹೇಳಿದ ಪುಸ್ತಕದಲ್ಲಿ ಅದನ್ನು ಕಲ್ಪಿಸಿ ಸೇರಿಸಿದನು. ಅದರಿಂದ ಕಥೆ ಆಳವಾಯಿತು. ಕೇಳುವವರ ಎದೆಗೆ ಹತ್ತಿರವಾಗುವ ಇಂಥ ಸ್ವಾತಂತ್ರ್ಯವನ್ನು ನಮ್ಮ ಲೇಖಕರೂ ವಹಿಸಿಕೊಳ್ಳಲಿ ಎಂದೇ ನಾನು ಕೋರುವುದು.

ಇಂಥ ಸ್ವಾತಂತ್ರ್ಯ ನಮಗೆ ಹೊಸದೂ ಅಲ್ಲ. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ಏಜಾಕ್ಸನನ್ನು ನಮ್ಮ ಭಾರತದ ಅಶ್ವತ್ಥಾಮನನ್ನಾಗಿ ಮಾಡಿ 1929ರಲ್ಲಿ 'ಅಶ್ವತ್ಥಾಮನ್' ನಾಟಕವನ್ನಿತ್ತರು. ಈಸ್ಕಿಲಸನ ನಾಟಕವನ್ನು 1935ರಲ್ಲಿ 'ಪಾರಸಿಕರು' ಎಂದು ಕನ್ನಡಿಸಿದಾಗ ಪರ್ಷಿಯವನ್ನು ಪರ್ಷಿಯವಾಗಿಯೇ ಉಳಿಸಿಕೊಂಡರು. ಈ ಎರಡು ದಾರಿಗಳಲ್ಲಿ ಮಕ್ಕಳಿಗೆ ಎರಡನೆಯದೇ ಯೋಗ್ಯವೆಂದು ನನ್ನ ಭಾವನೆ. ಜ್ಯೂಸನನ್ನು ಇಂದ್ರನೆಂದು ಕರೆದುಬಿಟ್ಟರೆ ಎರಡು ಲೋಕಗಳಲ್ಲಿ ಒಂದು ಲೋಕ ಮಗುವಿನ ಕೈತಪ್ಪಿಹೋಗುತ್ತದೆ. ಒಲಿಂಪಸ್ ಪರ್ವತ ಅಲ್ಲಿಯೇ ಇರಲಿ, ಆಲಿವ್ ಮರ ಬೇವಿನ ಮರವಾಗದಿರಲಿ. ಕಥೆ ಹೇಳುವ ನಾಲಗೆ ಮಾತ್ರ ನಮ್ಮದಾಗಿರಲಿ.

ನಾಲಗೆಯ ಮಾತು ಬಂದಾಗ, ಗುರು ದೂರದಲ್ಲಿಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ, ಕೌಜಲಗಿ ನಿಂಗಮ್ಮನವರ ಕಂಠದಿಂದ ನಾಡಿನ ಮನೆಮಾತಾದ ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ಕುಳಿತು ನೋಡಿದವರಿಗೆ ತಿಳಿಯದೆ ಇರದು: ಸ್ವರ್ಗದ ಹೂವೊಂದಕ್ಕಾಗಿ ಮುನಿಸಿಕೊಂಡ ದ್ವಾರಕೆಯ ಸತ್ಯಭಾಮೆಯು ಆಡುವ ಕನ್ನಡವು ಗೋಕಾವಿ ಮೂಡಲಗಿಗಳ ಹೆಣ್ಣುಮಕ್ಕಳು ಬಾವಿಯ ಕಟ್ಟೆಯ ಮೇಲೆ ಆಡುವ ಕನ್ನಡವೇ ಆಗಿದ್ದರೂ, ಅವಳು ದ್ವಾರಕೆಯವಳಾಗಿಯೇ ಉಳಿಯುತ್ತಾಳೆ, ಆ ಹೂವು ದೇವಲೋಕದ ಹೂವಾಗಿಯೇ ಉಳಿಯುತ್ತದೆ. ಪುರಾಣವನ್ನು ದೂರವಾಗಿರಿಸಿಯೂ ಕಿವಿಗೆ ಸಮೀಪವಾಗಿಸುವ ಈ ವಿದ್ಯೆಯು ಹಳ್ಳಿಯ ಬಯಲಿನಲ್ಲಿ ನಮಗೆ ಸಿದ್ಧಿಸಿರುವಾಗ, ಪರ್ಸಿಫೋನಿಯನ್ನು ಪಾತಾಳದ ದೊರೆ ಹೊತ್ತೊಯ್ದಾಗ ಅವಳ ತಾಯಿ ದಿಮೀತರಳು ಭೂಮಿಯ ಮೇಲೆ ಒಂದು ಕಾಳೂ ಮೊಳೆಯದಂತೆ ಮಾಡಿದ ಅಳಲನ್ನು ಹೇಳಲು ಪಠ್ಯಪುಸ್ತಕದ ನೀರಸ ಭಾಷೆಯನ್ನು ಅವಲಂಬಿಸುವುದೇಕೆ?

ಹೋಲಿಕೆಗಳನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಭಾದ್ರಪದ ಮಾಸದಲ್ಲಿ ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಕುಳ್ಳಿರಿಸಿ, ಬೇವಿನ ಸೊಪ್ಪು ಹೊದಿಸಿ, ಬಾಯಿಗೆ ಬೆಣ್ಣೆ ಸವರಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಬರುವ ಹೆಣ್ಣುಮಕ್ಕಳನ್ನು ನಮ್ಮ ಮಕ್ಕಳು ಬಲ್ಲರು. ಮಳೆಬೆಳೆ ತರುವ ಆ ಅಲ್ಪಾಯುಷಿ ಹುಣ್ಣಿಮೆಯ ಹೊತ್ತಿಗೆ ಸಾಯುವನೆಂಬುದನ್ನೂ ಬಲ್ಲರು. ಇದೇ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 'ಜೋಕುಮಾರಸ್ವಾಮಿ' ನಾಟಕವನ್ನು ಕಟ್ಟಿದುದು ಆ ಆಚರಣೆಯ ಮಣ್ಣಿನಿಂದಲೇ. ಅಥೆನ್ಸಿನ ಹೆಂಗಸರು ಒಡಕು ಮಡಕೆಗಳಲ್ಲಿ ಬೇಗ ಮೊಳೆಯುವ ಬೀಜಗಳನ್ನು ಬಿತ್ತಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಸಸಿಗಳು ಬಾಡಿದೊಡನೆ ಅಡೋನಿಸನೆಂಬ ಚೆಲುವ ತರುಣನು ಸತ್ತನೆಂದು ಎದೆ ಬಡಿದುಕೊಂಡು ಅಳುತ್ತಿದ್ದರೆಂಬುದನ್ನು ಹೇಳಿ ನಾನು ಸುಮ್ಮನಾದೆನು. "ನಮ್ಮ ಜೋಕುಮಾರನ್ಹಂಗ!" ಎಂದಳು ಮೊಮ್ಮಗಳು. ನಾನೇ ಅದನ್ನು ಮೊದಲು ಹೇಳಿಬಿಟ್ಟಿದ್ದರೆ ಅವಳ ಕಣ್ಣಿನಲ್ಲಿ ಆ ಬೆಳಕನ್ನು ಕಾಣುತ್ತಿರಲಿಲ್ಲ. ಅಡೋನಿಸನ ನೆತ್ತರು ಬಿದ್ದಲ್ಲಿ ಹೂವು ಅರಳಿತು. ಹಯಸಿಂಥನೂ ನಾರ್ಸಿಸನೂ ಹೂಗಳಾದರು. ಹೂವಿನ ಕೇರಿಯೇ ಹುಕ್ಕೇರಿಯಾಯಿತೆಂದು ಹಿರಿಯರಿಂದ ಕೇಳಿ ಬೆಳೆದ ಮಕ್ಕಳಿಗೆ ಇವು ಪರಕೀಯವೆಂದು ಯಾರು ಹೇಳಬಲ್ಲರು?

ಮಕ್ಕಳು ಹೆದರುವರೆಂದು ಸಾವನ್ನೂ ಕ್ರೌರ್ಯವನ್ನೂ ಅಳಿಸಿಹಾಕುವ ತಂದೆತಾಯಿಗಳ ಕಳವಳವನ್ನು ನಾನು ಅರಿಯದವನಲ್ಲ. ಕೆಲವು ಕಥೆಗಳು ವಯಸ್ಸು ಬರುವ ತನಕ ಕಾಯಲೇಬೇಕು. ಆದರೆ ಅಜ್ಜಿಯ ಮಗ್ಗುಲಲ್ಲಿ ರಾಕ್ಷಸಿಯ ಕಥೆ ಕೇಳುತ್ತ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡ ಯಾವ ಮಗುವೂ ಆ ಭಯದಿಂದ ಕೆಟ್ಟುದಿಲ್ಲ. ಕನ್ನಡ ಶಾಲೆಗಳಲ್ಲಿ ವಾರಕ್ಕೊಂದು ತಾಸು ಪುಸ್ತಕವನ್ನು ಬದಿಗಿಟ್ಟು ಗುರುಗಳು ಬಾಯಿಂದಲೇ ಕಥೆ ಹೇಳಲಿ. ಪ್ರಕಾಶಕರು ಇಂಥ ಪುಸ್ತಕಗಳನ್ನು ನಮ್ಮ ಸೀಮೆಯ ಮಾತು ಬಲ್ಲ ಒಳ್ಳೆಯ ಲೇಖಕರಿಂದ ಬರೆಯಿಸಲಿ. ಆ ಚೌಕಟ್ಟನ್ನು ದಯವಿಟ್ಟು ತೆಗೆದುಹಾಕಲಿ.

ಮೀದಾಸನಿಗೆ ಇನ್ನೊಂದು ಕಥೆಯುಂಟು. ಅಪೊಲೊ ದೇವನ ಸಂಗೀತವನ್ನು ಹಳಿದುದಕ್ಕಾಗಿ ಅವನಿಗೆ ಕತ್ತೆಯ ಕಿವಿಗಳು ಮೂಡುತ್ತವೆ. ಗುಟ್ಟನ್ನು ಬಲ್ಲ ಕ್ಷೌರಿಕನು ತಾಳಲಾರದೆ ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಪಿಸುಗುಟ್ಟಿ ಮುಚ್ಚುತ್ತಾನೆ. ಅಲ್ಲಿ ಬೆಳೆದ ಜೊಂಡು ಗಾಳಿ ಬೀಸಿದಾಗಲೆಲ್ಲ ಅದನ್ನೇ ನುಡಿಯುತ್ತದೆ. ಇದನ್ನು ಹೇಳಿದ ಎರಡು ದಿನಗಳ ಮೇಲೆ, ಮೊಮ್ಮಗಳು ಕಟ್ಟೆಯ ಮೇಲೆ ಓಣಿಯ ಹುಡುಗರನ್ನು ಸುತ್ತಲೂ ಕೂಡಿಸಿಕೊಂಡು ಅದೇ ಕಥೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಗ್ರೀಸು ಗ್ರೀಸಾಗಿಯೇ ಇರಲಿ ಎಂಬ ನನ್ನ ನಿಯಮವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. "ಆ ಜೊಂಡು ಎಲ್ಲಿ ಬೆಳೀತು ಗೊತ್ತೇನ?" ಎಂದು ಕೇಳಿ, ದನಿ ತಗ್ಗಿಸಿ ಹೇಳಿದಳು: "ಹಿಡಕಲ್ ಡ್ಯಾಮಿನ ಹಿನ್ನೀರಿನ್ಯಾಗ."