ಓತಿ ಇರಲಿ, ಹುಳು ಬೇಡ!

ನಾನು ವಾಸವಾಗಿರುವ ಬೆಂಗಳೂರಿನ ವಸತಿ ಸಮುಚ್ಚಯದ ನಿವಾಸಿಗಳ ಸಂಘ ಈಚೆಗೆ ಒಂದು ನಿರ್ಣಯವನ್ನು ಅಂಗೀಕರಿಸಿತು. ಅದರ ಸಾರ ಇಷ್ಟು: ಮೂರನೆಯ ಮಹಡಿಯ ಕನ್ನಡ ಮೇಷ್ಟರ ಮನೆಯಲ್ಲಿರುವ ಓತಿಯ ಬಗ್ಗೆ ಸಂಘಕ್ಕೆ ಆಕ್ಷೇಪಣೆಯಿಲ್ಲ, ಆದರೆ ಅದರ ಆಹಾರಕ್ಕೆಂದು ಅವರು ಸಾಕುತ್ತಿರುವ ಹುಳುಗಳನ್ನು ಹದಿನೈದು ದಿನಗಳೊಳಗಾಗಿ ತೆರವು ಮಾಡತಕ್ಕದ್ದು. ಹಸುವಿರಲಿ, ಹುಲ್ಲು ಬೇಡ ಎಂದ ಹಾಗಾಯಿತು. ಆ ಕನ್ನಡ ಮೇಷ್ಟರು ನಾನೇ. ಸಭೆಯಲ್ಲಿ ನನಗೆ ಮಾತನಾಡಲು ಎರಡು ನಿಮಿಷ ಕೊಟ್ಟರು. ಇಪ್ಪತ್ತು ವರ್ಷ ತರಗತಿಯಲ್ಲಿ ಮಾತನಾಡಿ ರೂಢಿಯಾದವನಿಗೆ ಎರಡು ನಿಮಿಷ ಪೀಠಿಕೆಗೂ ಸಾಲದು. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಓತಿ ಆಸ್ಟ್ರೇಲಿಯದ ಒಳನಾಡಿನ ಒಣಭೂಮಿಯ ಕುಲದ್ದು. ಸಿಟ್ಟು ಬಂದಾಗ ಗಂಟಲು ಉಬ್ಬಿ ಕಪ್ಪಾಗುವುದರಿಂದ ಗಡ್ಡದ ಓತಿ ಎಂದು ಹೆಸರು. ಕಾಡಿನಿಂದ ಹಿಡಿದು ತಂದದ್ದಲ್ಲ, ಸಾಕಿದವರ ಮನೆಯಲ್ಲೇ ಹುಟ್ಟಿದ್ದು. ನಮ್ಮ ನಾಡಿನ ನಕ್ಷತ್ರ ಆಮೆ, ಉಡ, ಗೋಸುಂಬೆಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ, ಅಪರಾಧವಾಗಿರಬೇಕಾದದ್ದೇ. 2022ರ ತಿದ್ದುಪಡಿಯ ಮೇಲೆ, ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ ಪರದೇಶದ ಪ್ರಾಣಿಗಳನ್ನು ಸಾಕುವವರೂ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಿಕೊಳ್ಳಬೇಕು. ಇಂಥ ಪ್ರಾಣಿಯನ್ನು ಮನೆಗೆ ತರಲೇಬಾರದಿತ್ತು ಎನ್ನುವವರೊಡನೆ ನನಗೆ ಹೆಚ್ಚಿನ ಜಗಳವಿಲ್ಲ. ಆದರೆ ತಂದಾಗಿದೆ. ಅದು ಹತ್ತು ವರ್ಷ ಬದುಕಬಲ್ಲ ಜೀವ. ಅದಕ್ಕೆ ದಿನವೂ ಹಸಿವೆಯಾಗುತ್ತದೆ.

ನನ್ನ ಜಗಳವೆಲ್ಲ ‘ಓತಿ ಇರಲಿ’ ಎಂಬ ಔದಾರ್ಯದೊಡನೆ. ಸಂಘದ ಕಾರ್ಯದರ್ಶಿಗಳು ಓದುಬಲ್ಲವರು. ತೇಜಸ್ವಿಯವರ ‘ಕರ್ವಾಲೊ’ವನ್ನು ಎರಡು ಸಲ ಓದಿದ್ದೇನೆಂದು ನನ್ನೆದುರೇ ಹೇಳಿದ್ದಾರೆ. ಹಾರುವ ಓತಿಯ ಮೇಲೆ ಅವರಿಗೆ ಬಹಳ ಪ್ರೀತಿ. ಆ ಓತಿ ಇರುವೆ ಗೆದ್ದಲುಗಳನ್ನು ನೆಕ್ಕಿ ಬದುಕುತ್ತದೆ ಎಂಬ ಸಂಗತಿ ಮಾತ್ರ ಆ ಪ್ರೀತಿಯವರೆಗೆ ಇನ್ನೂ ತಲುಪಿಲ್ಲ.

ಹಾಗೆಂದು ನಗುವ ಹಕ್ಕು ನನಗಿಲ್ಲ. ಮೂರು ವರ್ಷದ ಹಿಂದೆ ನನ್ನ ನಿರ್ಣಯವೂ ಇದೇ ಆಗಿತ್ತು. ಮಗಳು ಹಟಮಾಡಿ ಮೊದಲ ಓತಿಮರಿಯನ್ನು ತಂದಾಗ, ‘ಒಂದೇ ಒಂದು ಹುಳು ಈ ಮನೆಯೊಳಗೆ ಬರಕೂಡದು’ ಎಂದು ಷರತ್ತು ಹಾಕಿದವನು ನಾನು. ಅಂಗಡಿಯವರು ಡಬ್ಬಿಯಲ್ಲಿ ಒಣಗಿದ ಹುಳು ಕೊಟ್ಟರು. ಡಬ್ಬಿಯಲ್ಲಿ ಬಂದದ್ದು ಹುಳುವಲ್ಲ, ಸಾಮಾನು. ಆದ್ದರಿಂದ ನನ್ನ ಷರತ್ತಿಗೆ ಭಂಗವಾಗಲಿಲ್ಲ. ಸಾಲದೆ ಬಂದಾಗ ಸಂಜೆಯ ಹೊತ್ತು ಕೆಳಗಿನ ತೋಟದಲ್ಲಿ ಮಿಡತೆ ಹಿಡಿದು ಹಾಕುತ್ತಿದ್ದೆವು. ಆ ತೋಟಕ್ಕೆ ಔಷಧಿ ಹೊಡೆಯುತ್ತಾರೆಂಬುದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹೊಳೆಯಲಿಲ್ಲ. ಐದು ತಿಂಗಳಾಗುವಷ್ಟರಲ್ಲಿ ಮರಿಯ ಕಾಲು ನಡುಗತೊಡಗಿತು. ದವಡೆ ರಬ್ಬರಿನಂತೆ ಮೆತ್ತಗಾಯಿತು. ಪಶುವೈದ್ಯರು ನೋಡಿ, ಸುಣ್ಣದಂಶ ಸಾಲದೆ ಎಲುಬು ಕರಗಿದೆ ಎಂದರು. ಬೆಳೆಯುವ ಮರಿಗೆ ಸೊಪ್ಪಿಗಿಂತ ಹುಳುವೇ ಮುಖ್ಯ. ಹುಳುವಿನ ಮೈಯಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಆದ್ದರಿಂದ ಹುಳುವಿಗೇ ಒಂದೆರಡು ದಿನ ಮೊದಲು ಒಳ್ಳೆಯ ಸೊಪ್ಪು ತರಕಾರಿ ತಿನ್ನಿಸಬೇಕು, ಆಮೇಲೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು, ಅದು ಮೈಗೆ ಹತ್ತುವಂತೆ ನೇರಳಾತೀತ ದೀಪ ಉರಿಸಬೇಕು. ಅಂದರೆ, ಓತಿಯನ್ನು ಸಾಕುವುದೆಂದರೆ ಅರ್ಧಕ್ಕಿಂತ ಹೆಚ್ಚು ಹುಳುವನ್ನು ಸಾಕುವುದೇ. ಇದನ್ನು ಕೇಳಿ ತಿಳಿಯುವ ಹೊತ್ತಿಗೆ ಮರಿ ಸತ್ತಿತ್ತು. ಮಗಳು ನನ್ನೆದುರು ಅಳಲಿಲ್ಲ. ‘ನೀನೇ ಬೇಡ ಅಂದ್ಯಲ್ಲ, ಅಪ್ಪ’ ಎಂದಳು, ಅಷ್ಟೆ.

ಈಗಿನದು ಎರಡನೆಯ ಓತಿ. ಇದರ ಜೊತೆಗೇ ನಮ್ಮ ಹಿಂಬದಿಯ ಬಾಲ್ಕನಿಗೆ ನಾಲ್ಕು ಪ್ಲಾಸ್ಟಿಕ್ ಪೆಟ್ಟಿಗೆಗಳು ಬಂದವು. ಎರಡರಲ್ಲಿ ಚಿಮ್ಮಂಡೆ. ಅಡಗಿಕೊಳ್ಳಲು ಮೊಟ್ಟೆಯ ರಟ್ಟಿನ ತಟ್ಟೆಗಳು; ಮೊಟ್ಟೆಯಿಡಲು ಬಟ್ಟಲಲ್ಲಿ ನೆನೆಸಿದ ತೆಂಗಿನ ನಾರಿನ ಪುಡಿ. ನೀರಿಟ್ಟರೆ ಮರಿಗಳು ಮುಳುಗಿ ಸಾಯುವುದರಿಂದ ಕ್ಯಾರೆಟ್ ತುಂಡೇ ಅವಕ್ಕೆ ನೀರು. ಬೆಚ್ಚಗಿದ್ದರೆ ಹತ್ತು ದಿನಕ್ಕೆ ಮರಿ, ಆರೆಂಟು ವಾರಕ್ಕೆ ಪ್ರಾಯ. ಉಳಿದೆರಡರಲ್ಲಿ ಗೋಧಿ ಬೂಸದೊಳಗೆ ಹಿಟ್ಟಿನ ಹುಳು. ಅವಕ್ಕೆ ಸದ್ದಿಲ್ಲ, ನಾತವಿಲ್ಲ, ಆಲೂಗೆಡ್ಡೆಯ ಹೋಳು ಬಿಟ್ಟರೆ ಬೇರೆ ಬೇಡಿಕೆಯಿಲ್ಲ. ತೇವ ನಿಂತು ಸತ್ತವು ಹಾಗೇ ಬಿದ್ದಿದ್ದರೆ ಚಿಮ್ಮಂಡೆಯ ಪೆಟ್ಟಿಗೆ ನಾರುತ್ತದೆ, ನಿಜ. ನಾರಿದರೆ ಅದು ಸಾಕುವವನ ಸೋಮಾರಿತನದ ವಾಸನೆ. ಗಂಡು ಚಿಮ್ಮಂಡೆ ರಾತ್ರಿ ಕೂಗುತ್ತದೆ, ಅದೂ ನಿಜ. ನೈಲಾನ್ ಪರದೆಯನ್ನು ಕಡಿದು ಹೊರಬಿದ್ದ ಒಂದು ಗಾಯಕ ಎರಡನೆಯ ಮಹಡಿಯ ತಾಯಿಯವರ ದೇವರಮನೆ ಸೇರಿ ಬೆಳಗಿನವರೆಗೆ ಕಚೇರಿ ನಡೆಸಿತು. ಆ ಅಪರಾಧ ನನ್ನದು. ಹೋಗಿ ಕ್ಷಮೆ ಕೇಳಿದ್ದೇನೆ. ಈಗ ಉಕ್ಕಿನ ಜಾಲರಿ ಹಾಕಿಸಿದ್ದೇನೆ.

ಸಭೆಯಲ್ಲಿ ಹೆಚ್ಚು ಕೇಳಿಬಂದದ್ದು ‘ಹುಳು ಅಂದ್ರೆ ಗಲೀಜು ಸಾರ್’ ಎಂಬ ಮಾತು. ನಮ್ಮಜ್ಜಿಯ ಊರು ಶಿಡ್ಲಘಟ್ಟದ ಕಡೆ. ಅಲ್ಲಿ ಮನೆಯ ಒಳ್ಳೆಯ ಕೋಣೆ ರೇಷ್ಮೆಹುಳುವಿನದು, ಜಗುಲಿ ನಮ್ಮದು. ಊದುಕಡ್ಡಿ ಹಚ್ಚುವಂತಿರಲಿಲ್ಲ. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. ಪೊರೆ ಕಳಚುವ ಮುಂಚೆ ಹುಳುಗಳು ಸ್ತಬ್ಧವಾಗುವುದಕ್ಕೆ ಅಲ್ಲಿಯವರು ಜ್ವರವೆನ್ನುತ್ತಾರೆ. ‘ನಾಲ್ಕನೇ ಜ್ವರಕ್ಕೆ ಕೂತವ್ವೆ, ಗಲಾಟೆ ಮಾಡಬೇಡ್ರೋ’ ಎಂದು ಅಜ್ಜಿ ನಮ್ಮನ್ನು ಗದರುತ್ತಿದ್ದಳು. ನನಗೆ ಜ್ವರ ಬಂದಾಗ ಆ ಮನೆ ಅಷ್ಟು ನಿಶ್ಶಬ್ದವಾದದ್ದು ನೆನಪಿಲ್ಲ! ಹಣ್ಣಾದ ಹುಳು ಚಂದ್ರಿಕೆಗೇರಿ ಗೂಡು ಕಟ್ಟಿದ ಮೇಲೆ ಅದರ ಗತಿ ಏನಾಗುತ್ತಿತ್ತು? ಕುದಿಯುವ ನೀರು. ಒಂದು ಸೀರೆಗೆ ಅಂಥ ಸಾವಿರಾರು ಗೂಡು. ಅಜ್ಜಿ ಇದನ್ನು ಯಾರಿಂದಲೂ ಮುಚ್ಚಿಡಲಿಲ್ಲ, ತನ್ನಿಂದಲೂ ಮುಚ್ಚಿಟ್ಟುಕೊಳ್ಳಲಿಲ್ಲ.

‘ಪಾಪ ಬರೋದಿಲ್ವೆ?’ ಎಂದು ಕೇಳಿದ ಹಿರಿಯರ ಪ್ರಶ್ನೆ ಮಾತ್ರ ಹಗುರವಾದುದಲ್ಲ. ಅವರು ನಿಜವಾಗಿ ನೊಂದು ಕೇಳಿದರು. ಹೌದು, ನಾನು ಸಾಕಿದ್ದನ್ನೇ ಕೊಲ್ಲಿಸುತ್ತೇನೆ. ಪ್ರತಿದಿನವೂ ಎಣಿಸಿ ಕೊಲ್ಲಿಸುತ್ತೇನೆ. ಎಣಿಸದೆ ಹಾಕಿದರೆ ತಿನ್ನದೆ ಉಳಿದ ಚಿಮ್ಮಂಡೆ ರಾತ್ರಿ ಓತಿಯನ್ನೇ ಕಚ್ಚುತ್ತದೆ. ಇದರಲ್ಲಿ ಪಾಪವಿದ್ದರೆ ಅದು ನನ್ನ ಲೆಕ್ಕಕ್ಕೆ ಬರಲಿ. ಆದರೆ ಮೂರು ತಿಂಗಳಿಗೊಮ್ಮೆ ಸಂಘದ ಹಣದಲ್ಲಿ ಮೋರಿ, ಮೆಟ್ಟಿಲು, ತೋಟಕ್ಕೆಲ್ಲ ಔಷಧಿ ಹೊಡೆಸುತ್ತೇವಲ್ಲ, ಬೆಳಗ್ಗೆ ಮೊರಗಟ್ಟಲೆ ಹುಳು ಗುಡಿಸಿ ಹಾಕುತ್ತಾರಲ್ಲ, ಆ ಲೆಕ್ಕ ಯಾರ ಪುಸ್ತಕದಲ್ಲಿದೆ? ಕಾಣದಂತೆ ಕೊಂದರೆ ಶುಚಿ, ಕಾಣುವಂತೆ ಸಾಕಿದರೆ ಗಲೀಜು ಎಂಬ ಈ ನ್ಯಾಯವನ್ನು ನಾನು ಒಪ್ಪಲಾರೆ.

ನನ್ನ ಪಕ್ಷದವರೆನಿಸಿಕೊಂಡವರಿಗೂ ಒಂದು ಮಾತು. ಓತಿಯನ್ನೋ ಕಪ್ಪೆಯನ್ನೋ ಗಾಜಿನ ಪೆಟ್ಟಿಗೆಯಲ್ಲಿಟ್ಟು ಫೋಟೊ ತೆಗೆದು ಮೆರೆಯುವ ಗೆಳೆಯರು ಅನೇಕರುಂಟು. ಅದಕ್ಕೆ ಊಟವೇನು ಎಂದರೆ, ಸಿಕ್ಕಿದ್ದನ್ನು ಹಿಡಿದು ಹಾಕುತ್ತೇವೆ ಎನ್ನುತ್ತಾರೆ. ಮಿಣುಕುಹುಳುವನ್ನು ತಿಂದು ಗಡ್ಡದ ಓತಿಗಳು ಕೆಲವೇ ಗಂಟೆಗಳಲ್ಲಿ ಸತ್ತದ್ದು ಅಮೆರಿಕದಲ್ಲಿ ದಾಖಲಾಗಿದೆ. ಒಂದೇ ಹುಳು ಸಾಕಾಗುತ್ತದೆ. ಹುಳುವಿನ ಪೆಟ್ಟಿಗೆಗೆ ಕೈಹಾಕಲು ಹೇಸುವವರು ಅಂಥ ಪ್ರಾಣಿಯನ್ನು ಮನೆಗೆ ತರಬಾರದು. ನಾನೂ ತರಬಾರದಿತ್ತು.

ಸಂಘ ಕೊಟ್ಟ ಹದಿನೈದು ದಿನಗಳಲ್ಲಿ ಹನ್ನೊಂದು ಕಳೆದಿವೆ. ಸಮಿತಿಯವರು ಯಾರಾದರೂ ಬಂದು ಪೆಟ್ಟಿಗೆಗಳನ್ನು ನೋಡಿ, ಮೂಸಿ, ಬೇಕಾದರೆ ತಿಂಗಳಿಗೊಮ್ಮೆ ತಪಾಸಣೆ ಮಾಡಿ ಎಂದು ಬರೆದುಕೊಟ್ಟಿದ್ದೇನೆ. ಈವರೆಗೆ ಯಾರೂ ಬಂದಿಲ್ಲ. ಮೊನ್ನೆ ಹೊಸ ಚಿಮ್ಮಂಡೆ ಮರಿಗಳು ಹೊರಬಿದ್ದಿವೆ. ಅವು ಓತಿಯ ಊಟಕ್ಕೆ ಆಗಲು ಇನ್ನೂ ಕೆಲವು ವಾರ ಬೇಕು, ನಾಲ್ಕು ದಿನ ಸಾಲದು. ನಾನು ಅವನ್ನು ತೆರವು ಮಾಡುವುದಿಲ್ಲ. ಸಂಘಕ್ಕೆ ಹುಳು ಬೇಡವೇ ಬೇಡವಾದರೆ ನಿರ್ಣಯವನ್ನು ತಿದ್ದಿ ‘ಓತಿಯೂ ಬೇಡ’ ಎಂದು ಸೇರಿಸಲಿ. ಆಗ ನಾನು ಬೇರೆ ಮನೆ ನೋಡುತ್ತೇನೆ.