ಮಾಡಿದೋರು, ಮಾಡಿಸಿದೋರು



ಹದಿನೈದು ದಿನದ ಹಿಂದೆ ಇಲ್ಲೇ ಒಂದು ಫೋಟೋ ಹಾಕಿದ್ದೆ. ಮನೆ ಪಕ್ಕದ ಶೀಟ್ ಶೆಡ್ಡಿನಲ್ಲಿ ಅರ್ಧ ಬಿಚ್ಚಿಟ್ಟ ಫಿಯೆಟ್ ಕಾರು, ಅದರ ಮುಂದೆ ಕೈಯೆಲ್ಲ ಮಸಿ ಮಾಡ್ಕೊಂಡು ನಿಂತ ನಾನು. ಕೆಳಗೆ ಒಂದು ಸಾಲು: 'ತುಕ್ಕು ಹಿಡಿದ ಬಾಡಿ, ನಾನೇ ರಿಪೇರಿ ಮಾಡಿದೆ.' ಅವತ್ತು ರಾತ್ರಿನೇ ಚಳವಳಿಯ ಹಿರಿಯರೊಬ್ಬರು ಫೋನ್ ಮಾಡಿದ್ರು. "ಅಲ್ಲಪ್ಪ, ಹಾಸ್ಟೆಲ್ ಹುಡುಗರಿಗೆ ಸ್ಕಾಲರ್‌ಶಿಪ್ ಬಂದಿಲ್ಲ ಅಂತ ನಾವು ಅರ್ಜಿ ಹಿಡ್ಕೊಂಡು ಓಡಾಡ್ತಿದ್ದೀವಿ. ನಿನಗೆ ಹಳೇ ಕಾರಿನ ಶೋಕಿನಾ?" ಅಂದ್ರು. ಅವರ ಮೇಲೆ ನನಗೆ ಗೌರವ ಇದೆ, ಅದಕ್ಕೆ ಅವತ್ತು ಸುಮ್ಮನಿದ್ದೆ. ಇವತ್ತು ಉತ್ತರ ಬರೀತಿದ್ದೀನಿ. ಬರೆಯೋಕೆ ಕೂತಾಗ ಗೊತ್ತಾಯ್ತು, ನಾನು ಹಾಕಿದ್ದ ಆ ಒಂದು ಸಾಲಿಗೂ ಉತ್ತರ ಕೊಡಬೇಕು ಅಂತ. ಅದರಲ್ಲಿ ಒಂದು ಸುಳ್ಳಿತ್ತು.

ಮೊದಲು ಶೋಕಿ ವಿಚಾರ. ನಮ್ಮವರಿಗೆ ಶೋಕಿ ಇರಬಾರದು ಅಂತ ಹೇಳಿದ್ದು ಯಾರು? ಮೀಸೆ ತಿರುವಿದ, ಮದುವೆ ದಿನ ಕುದುರೆ ಹತ್ತಿದ ಅಂತ ನಮ್ಮ ಹುಡುಗರಿಗೆ ಹೊಡೆದ ಸುದ್ದಿ ಈಗಲೂ ಓದ್ತಾನೇ ಇದ್ದೀವಿ. ಹೊಡೆಯೋರಿಗೆ ಸಿಟ್ಟು ಬರೋದು ಕುದುರೆ ಮೇಲಲ್ಲ. ಇವನು ಖುಷಿಯಾಗಿದ್ದಾನಲ್ಲ ಅಂತ. ಬಾಬಾಸಾಹೇಬರು ಅಷ್ಟು ಕೆಲಸದ ನಡುವೆಯೂ ಪಿಟೀಲು ಕಲಿಯೋಕೆ ಕೂತವರು. ನಮ್ಮ ಬದುಕು ಅಂದ್ರೆ ಬರೀ ನೋವು, ಧರಣಿ, ಮನವಿಪತ್ರ ಅಂತ ನಾವೇ ಒಪ್ಕೊಂಡುಬಿಟ್ರೆ, ಅವರು ಹಾಕಿದ ಬೇಲಿಯನ್ನ ನಾವೇ ಕಾಯ್ದಂಗೆ ಆಗುತ್ತೆ. ವಾರಪೂರ್ತಿ ಆಫೀಸಲ್ಲಿ ಟಪಾಲು, ಸಂಜೆ ಸಭೆ. ಭಾನುವಾರ ಮೂರು ಗಂಟೆ ಹೊತ್ತು ತಗಡಿನ ಜೊತೆ ಕೂತ್ರೆ ಚಳವಳಿ ಮುಳುಗಲ್ಲ.

ಇನ್ನು ಕಾರು. 1983ರ ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಎಲ್ಲರೂ ಫಿಯೆಟ್ ಅಂತಲೇ ಕರೆಯೋದು, ಅದು ತಪ್ಪೂ ಅಲ್ಲ. ಇಟಲಿಯ ಫಿಯೆಟ್ 1100 ಕಾರನ್ನೇ ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸ್ತಿತ್ತು, ಪದ್ಮಿನಿ ಅನ್ನೋ ಹೆಸರು ಎಪ್ಪತ್ತರ ದಶಕದಲ್ಲಿ ಬಂತು. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ಅಂದ್ರೆ ಇದೇ ಗಾಡಿ. 2023ರ ಅಕ್ಟೋಬರ್‌ಗೆ ಅದೂ ಅಲ್ಲಿನ ರಸ್ತೆಯಿಂದ ಹೋಯ್ತು. ನನಗೆ ಸಿಕ್ಕಿದ್ದು ಗುಜರಿಗೆ ಹೋಗಬೇಕಿದ್ದ ಕಾರು. ಗುಜರಿ ರೇಟಿಗೇ ಸಿಕ್ತು, ಅದನ್ನೂ ಎರಡು ಕಂತಲ್ಲಿ ಕೊಟ್ಟೆ.

ಇದೇ ಕಾರು ಯಾಕೆ ಅಂದ್ರೆ ನಮ್ಮಪ್ಪ. ಮದುವೆಗೆ ಮುಂಚೆ ಆರೇಳು ವರ್ಷ ಅಪ್ಪ ಊರಿನ ದೊಡ್ಡ ಜಮೀನ್ದಾರರ ಮನೇಲಿ ಆಳಾಗಿದ್ರು. ಅವರ ಮನೇಲೂ ಒಂದು ಫಿಯೆಟ್ ಇತ್ತು. ದಿನಾ ಬೆಳಿಗ್ಗೆ ಅದನ್ನ ತೊಳೆಯೋದು ಅಪ್ಪನ ಕೆಲಸ. ಹೊರಗಡೆ ಎಲ್ಲಾ ಕಡೆ ಮುಟ್ಟಬಹುದಿತ್ತು. ಒಳಗೆ ಸೀಟು ಒರೆಸೋಕೆ ಬೇರೆಯವರು ಬರ್ತಿದ್ರು.

ನಾನು ಕಾರು ತಂದು ನಿಲ್ಲಿಸಿದ ದಿನ ಅಪ್ಪ ಒಂದು ಸುತ್ತು ಹಾಕಿ ನೋಡಿದ್ರು. "ಪೆನ್ ಹಿಡೀಲಿ ಅಂತ ನಿನ್ನ ಬಿಎ ಓದಸ್ದಿ ಕನ ಮಗ. ನೀನೇ ಹುಡ್ಕಂಡೋಗಿ ಸುತ್ಗೆ ಹಿಡ್ಕಂಡಿದ್ದಯಲ್ಲ" ಅಂದು ಒಳಗೆ ಹೋದ್ರು. ಆ ಮಾತು ಚುಚ್ಚಿತು. ಅಪ್ಪನಿಗೆ ಕೈಕೆಲಸ ಅನ್ನೋದು ಆಯ್ಕೆ ಆಗಿರಲಿಲ್ಲ. ನನಗೆ ಬೇಡ ಅಂದ್ರೆ ಸೋಮವಾರ ಬೆಳಿಗ್ಗೆ ಇಸ್ತ್ರಿ ಷರ್ಟ್ ಹಾಕ್ಕೊಂಡು ಆಫೀಸಿಗೆ ಹೋಗಬಹುದು. ಈ ವ್ಯತ್ಯಾಸ ಮರೆತು 'ಶ್ರಮದ ಘನತೆ' ಅಂತ ಭಾಷಣ ಮಾಡೋರನ್ನ ಕಂಡ್ರೆ ನನಗಾಗಲ್ಲ.

ಕೆಲಸಕ್ಕೆ ಕೂತಾಗ ನನ್ನ ಅಜ್ಞಾನ ಗೊತ್ತಾಯ್ತು. ಹೊರಗಿಂದ ನೋಡಿದ್ರೆ ಕಾರು ಪರವಾಗಿಲ್ಲ. ಅಲ್ಲಲ್ಲಿ ಪೇಂಟು ಗುಳ್ಳೆ ಎದ್ದಿತ್ತು, ಅಷ್ಟೇ. ಕೆರೆದು ಪೇಂಟ್ ಹೊಡೆದ್ರೆ ಆಯ್ತು ಅಂದ್ಕೊಂಡಿದ್ದೆ. ನಮ್ಮ ಬಡಾವಣೆ ಹಿಂದೆ ನಲವತ್ತು ವರ್ಷದಿಂದ ಟಿಂಕರಿಂಗ್ ಮಾಡ್ತಿರೋ ಒಬ್ಬರು ಹಿರಿಯರಿದ್ದಾರೆ. ಹುಡುಗರೆಲ್ಲ ಉಸ್ತಾದ್ ಅಂತಾರೆ, ನಾನೂ ಹಾಗೇ ಕರೀತೀನಿ. ಅವರನ್ನ ಕರ್ಕೊಂಡು ಬಂದು ತೋರಿಸಿದೆ. ಅವರು ಜೇಬಿಂದ ಹಳೇ ಸ್ಪೀಕರಿನ ಅಯಸ್ಕಾಂತ ತೆಗೆದು ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಉದ್ದಕ್ಕೂ ಇಟ್ಟು ನೋಡಿದ್ರು. ಅರ್ಧ ಜಾಗದಲ್ಲಿ ಅದು ಹಿಡೀಲೇ ಇಲ್ಲ. "ಸಾರ್, ಇಲ್ಲಿ ಕಬ್ಬಿಣ ಇಲ್ಲ. ಬರೀ ಪುಟ್ಟಿ" ಅಂದ್ರು.

ಸ್ಕ್ರೂಡ್ರೈವರ್ ಹಾಕಿ ಮೀಟಿದಾಗ ಬೆರಳು ದಪ್ಪದ ಪುಟ್ಟಿ ಹಪ್ಪಳದಂಗೆ ಎದ್ದು ಬಂತು. ಅದರ ಕೆಳಗೆ ಒಂದು ಪದರ ಪೇಂಟು, ಅದರ ಕೆಳಗೆ ಮತ್ತೆ ಪುಟ್ಟಿ, ಅದರ ಕೆಳಗೆ ಕೈ ತೂರುವಷ್ಟು ತೂತು. ಮೂರು ಸಲ ಯಾರೋ ಈ ಕಾರನ್ನ 'ಹೊಸದು' ಮಾಡಿದ್ದಾರೆ. ಮೂರು ಸಲವೂ ತುಕ್ಕನ್ನ ಹಾಗೇ ಒಳಗೆ ಬಿಟ್ಟು ಮೇಲೆ ಮೆತ್ತಿದ್ದಾರೆ.

ತುಕ್ಕಿನ ಗುಣವೇ ಅದು. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸಿಕ್ಕರೆ ಸಾಕು. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತೆ, ಅದಕ್ಕೇ ಉಬ್ಬಿ ಪೇಂಟನ್ನ ಒಳಗಿಂದ ಎತ್ತಿಹಾಕುತ್ತೆ. ನಮ್ಮ ಕಣ್ಣಿಗೆ ಗುಳ್ಳೆ ಬೀಳೋ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತೆ. 1950ರಲ್ಲಿ ಸಂವಿಧಾನ ಜಾರಿಗೆ ಬಂತು, 17ನೇ ವಿಧಿ ಅಸ್ಪೃಶ್ಯತೆ ರದ್ದು ಅಂದಿತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಕಾನೂನು ಗ್ರೈಂಡರ್ ಇದ್ದಂಗೆ, ಕೈಗೆ ಸಿಕ್ಕಿದೆ. ಆದ್ರೆ ಊರೂರಲ್ಲಿ ನಡೆಯೋದು ಶಾಂತಿಸಭೆ. ಒಂದು ಹಾರ, ಒಂದು ಫೋಟೋ, 'ಎಲ್ಲರೂ ಅಣ್ಣತಮ್ಮಂದಿರು'. ಅದು ಪುಟ್ಟಿ. ಇದನ್ನ ಇನ್ನೂ ಬೆಳೆಸಲ್ಲ, ನಿಮಗೆಲ್ಲ ಗೊತ್ತಿರೋದೇ.

ಉಸ್ತಾದ್ ಹೇಳಿಕೊಟ್ಟ ದಾರಿ ನಿಧಾನದ್ದು. ಕೊಳೆತಿದ್ದನ್ನ ಕೆರೆಯೋದಲ್ಲ, ಗಟ್ಟಿ ಕಬ್ಬಿಣ ಸಿಗೋವರೆಗೂ ಕತ್ತರಿಸಬೇಕು. ಆದ್ರೆ ಈ ಕಾರಿಗೆ ಲಾರಿಗಿರೋ ಥರ ಬೇರೆ ಛಾಸಿ ಇಲ್ಲ, ಬಾಡಿಯೇ ಭಾರ ಹೊರೋದು. ರನ್ನಿಂಗ್ ಬೋರ್ಡನ್ನ ಏಕಾಏಕಿ ಕತ್ತರಿಸಿದ್ರೆ ಕಾರು ನಡುವೆ ಬಗ್ಗುತ್ತೆ, ಆಮೇಲೆ ಯಾವ ಬಾಗಿಲೂ ಕೂರಲ್ಲ. ಅದಕ್ಕೇ ಮೊದಲು ಬಾಗಿಲ ಜಾಗಕ್ಕೆ ಅಡ್ಡಡ್ಡ ಕಬ್ಬಿಣದ ಆಂಗಲ್ ಕಟ್ಟಿದ್ವಿ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟು, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಕೊಂಡೇ ವೆಲ್ಡಿಂಗ್‌ಗೆ ಕೈ ಹಾಕಿದ್ದು.

ತುಂಡಿನ ಅಳತೆಗೆ ಆಫೀಸಿನ ಹಳೇ ಫೈಲಿನ ರಟ್ಟು ಉಪಯೋಗಕ್ಕೆ ಬಂತು. ರಟ್ಟನ್ನ ಜಾಗಕ್ಕೆ ಹಿಡಿದು, ಬಗ್ಗಿಸಿ, ಕತ್ತರಿಸಿ, ಅದೇ ಆಕಾರಕ್ಕೆ 20 ಗೇಜಿನ ತಗಡು. ವೆಲ್ಡಿಂಗನ್ನ ಗೆರೆ ಎಳೆದಂಗೆ ಎಳೀಬಾರದು. ಇಲ್ಲೊಂದು ಚುಕ್ಕೆ, ಒಂದು ಗೇಣು ಆಚೆ ಇನ್ನೊಂದು ಚುಕ್ಕೆ, ಆರೋಕೆ ಬಿಟ್ಟು ಮತ್ತೆ ನಡುವೆ ಒಂದು. ಅವಸರ ಮಾಡಿದ್ರೆ ಬಿಸಿಗೆ ತಗಡು ಅಲೆಅಲೆಯಾಗುತ್ತೆ. ಫ್ಲೋರಿನ ಮೊದಲ ತುಂಡನ್ನ ನಾನು ಹಾಗೇ ಹಾಳು ಮಾಡಿದೆ. ಉಸ್ತಾದ್ ಬೈಯಲಿಲ್ಲ. ಹಿಂದೆ ಡಾಲಿ ಕಬ್ಬಿಣ ಒತ್ತಿ ಹಿಡಿದು, ಮುಂದಿಂದ ಸುತ್ತಿಗೇಲಿ ಸಣ್ಣಗೆ ತಟ್ಟುತ್ತಾ ತಟ್ಟುತ್ತಾ ಅದನ್ನ ಸಮ ಮಾಡಿದ್ರು. ಅವರು ನೋಡ್ತಾನೂ ಇರಲಿಲ್ಲ, ಸದ್ದು ಕೇಳಿಸ್ಕೊಂಡು ತಟ್ಟುತ್ತಿದ್ರು. ಆಮೇಲೆ ಪ್ರೈಮರ್, ಸಂದುಗಳಿಗೆ ಸೀಲರ್, ಕೊನೆಗೆ ಕಾಗದದಷ್ಟು ತೆಳ್ಳಗೆ ಪುಟ್ಟಿ. ಪುಟ್ಟಿ ಕೆಟ್ಟದ್ದಲ್ಲ, ಗಟ್ಟಿ ಕಬ್ಬಿಣದ ಮೇಲಿದ್ರೆ.

ಬಾಗಿಲುಗಳ ಕೆಳಭಾಗವೂ ಕೊಳೆತಿತ್ತು. ಹೊಸ ತಗಡು ಬೆಸೆದ ಮೇಲೆ ಒಂದು ದಿನ ಅಪ್ಪ ಶೆಡ್ಡಿಗೆ ಬಂದ್ರು. ಬಗ್ಗಿ ಬಾಗಿಲ ತಳ ಸವರಿ ನೋಡಿ, "ನೀರಿನ ತೂತ ಮುಚ್ಬುಟ್ಟಿದ್ದಯಲ್ಲ" ಅಂದ್ರು. ಕಿಟಕಿ ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯೋ ನೀರು ಹೊರಗೆ ಹೋಗೋಕೆ ತಳದಲ್ಲಿ ಸಣ್ಣ ತೂತುಗಳಿರ್ತವೆ. ಮಣ್ಣು ಕಟ್ಟಿದ್ರೆ ನೀರು ಒಳಗೇ ನಿಂತು ತುಕ್ಕು ಶುರು. ಜಮೀನ್ದಾರರ ಮನೇಲಿ ಅಪ್ಪ ಕಾರು ತೊಳೆದಾಗಲೆಲ್ಲ ತೆಂಗಿನಗರಿ ಕಡ್ಡಿ ಹಾಕಿ ಆ ತೂತುಗಳನ್ನ ಬಿಡಿಸ್ತಿದ್ದರಂತೆ. ಯಾರೂ ಹೇಳಿಕೊಟ್ಟಿರಲಿಲ್ಲ. ತೊಳೆದ ಮೇಲೂ ಬಾಗಿಲು ತೂಗಿದ್ರೆ ಒಳಗೆ ನೀರಿನ ಸದ್ದು ಬರೋದು ಕೇಳಿ ಅವರೇ ಕಂಡ್ಕೊಂಡಿದ್ದು. "ಅವ್ರ ಕಾರು ಇಪ್ಪತ್ತು ವರ್ಷ ಬಾಗ್ಲು ಕೆಡ್ನಿಲ್ಲ. ಕಂಪ್ನಿ ಕಾರು ಗಟ್ಟಿ ಅಂತ ಅವರು ಹೇಳ್ಕತಿದ್ರು" ಅಂದು ಅಪ್ಪ ನಕ್ಕರು. ನಾನು ಡ್ರಿಲ್ ತಗೊಂಡು ಎರಡೂ ಕಡೆ ತೂತು ಹಾಕಿದೆ.

ನಾನು ಬರೆದ ಸುಳ್ಳು ಅವತ್ತು ನನಗೆ ತಟ್ಟಿದ್ದು. ಕನ್ನಡದಲ್ಲಿ 'ಮಾಡಿದೆ', 'ಮಾಡಿಸಿದೆ' ಅಂತ ಎರಡು ಮಾತಿದೆ. ನಡುವೆ ಇರೋದು ಒಂದೇ ಅಕ್ಷರ, 'ಸಿ'. ನಮ್ಮ ನಾಡಿನ ಚರಿತ್ರೆಯಲ್ಲಿ ಆ ಅಕ್ಷರವನ್ನ ಸದ್ದಿಲ್ಲದೆ ನುಂಗಿದ್ದಾರೆ. ರಾಜ ಕೆರೆ ಕಟ್ಟಿದ, ರಾಣಿ ಗುಡಿ ಕಟ್ಟಿದಳು. ಕಟ್ಟಿದ್ದಲ್ಲ ಸ್ವಾಮಿ, ಕಟ್ಟಿಸಿದ್ದು. ಹಳೇ ಕಾರುಗಳ ರ‍್ಯಾಲಿಗೆ ಹೋಗಿ ನೋಡಿ. ಮಾಲೀಕರು ಪೇಟ ಸುತ್ಕೊಂಡು ಫಳಫಳ ಹೊಳೆಯೋ ಕಾರಿನ ಪಕ್ಕ ನಿಂತು 'ನಾನು ಮೂರು ವರ್ಷ ಕೂತು ರೆಸ್ಟೋರ್ ಮಾಡಿದೆ' ಅಂತಾರೆ. ಅವರ ಉಗುರು ನೋಡಿ, ಗೊತ್ತಾಗುತ್ತೆ. ಅದೇ ಕೆಲಸ ಅವರು ಮಾಡಿದ್ರೆ ಹವ್ಯಾಸ, ಪರಂಪರೆ. ಟಿಂಕರ್ ಮಾಡಿದ್ರೆ ಕೂಲಿ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ, ಜಾತಿ ಬರೀ ಕೆಲಸವನ್ನಲ್ಲ, ಕೆಲಸ ಮಾಡೋರನ್ನೇ ಮೇಲೆ-ಕೆಳಗೆ ಅಂತ ಹಂಚಿಬಿಡುತ್ತೆ ಅಂತ ತೋರಿಸಿದ್ದು ಇದನ್ನೇ.

ಆದ್ರೆ ಬೆರಳು ನನ್ನ ಕಡೆಗೂ ತಿರುಗುತ್ತೆ. ಕತ್ತರಿಸಿದ್ದು, ಉಜ್ಜಿದ್ದು, ಫ್ಲೋರಿನ ಸಣ್ಣ ತುಂಡು ಬೆಸೆದಿದ್ದು ನಾನು, ನಿಜ. ರನ್ನಿಂಗ್ ಬೋರ್ಡ್ ಎರಡೂ ಉಸ್ತಾದರ ಕೈ. ಬಾಗಿಲು ಉಳಿಯೋದು ಅಪ್ಪನ ಬುದ್ಧಿಯಿಂದ. ನಾನು 'ನಾನೇ ಮಾಡಿದೆ' ಅಂತ ಬರ್ಕೊಂಡೆ. ಇಪ್ಪತ್ತು ವರ್ಷ ಪೆನ್ ಹಿಡಿದ ಕೈಗೆ, ಸುತ್ತಿಗೆ ಹಿಡಿದೋರ ಹೆಸರು ಬಿಟ್ಟುಬಿಡೋದು ಎಷ್ಟು ಸಲೀಸಾಗಿ ಬಂತು ನೋಡಿ. ಬ್ರಾಹ್ಮಣ್ಯ ಬರೀ ಅಗ್ರಹಾರದಲ್ಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ ಕಸುಬಿನ ಹೆಸರನ್ನ ತಮ್ಮ ಹೆಸರಿನ ಮುಂದೆ ಇಟ್ಕೊಂಡೇ ತಲೆ ಎತ್ತಿ ನಿಂತ ಶರಣರು. ಅವರ ಜಯಂತಿಯಲ್ಲಿ ನಾನು ಮೈಕ್ ಹಿಡಿದು ಮಾತಾಡಿದ್ದೀನಿ.

ತಪ್ಪು ತಿದ್ದೋಣ ಅಂತ ಉಸ್ತಾದ್ ಹತ್ರ ಹೋದೆ. "ನಿಮ್ಮ ಹೆಸರು, ಫೋಟೋ ಹಾಕ್ತೀನಿ, ನಾಲ್ಕು ಜನಕ್ಕೆ ಗೊತ್ತಾಗಲಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. "ಬೇಡ ಸಾರ್. ಈಗ ಕೆಲಸ ನೋಡಿ ಬರೋ ಗಿರಾಕಿ ಇದ್ದಾರೆ. ಹೆಸರು ನೋಡಿದ್ರೆ ವಾಪಸ್ ಹೋಗೋರೂ ಇದ್ದಾರೆ" ಅಂದ್ರು. 2022ರಲ್ಲಿ ನಮ್ಮ ರಾಜ್ಯದ ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದು ಅಂತ ಬ್ಯಾನರ್ ಕಟ್ಟಿದ್ದು ನೆನಪಿದೆ ತಾನೇ? ನನಗೆ ಮಾತು ಹೊರಡಲಿಲ್ಲ. ಹೆಸರು ಹೇಳಿದ್ರೆ ನ್ಯಾಯ ಸಿಗುತ್ತೆ ಅಂದ್ಕೊಂಡಿದ್ದೆ. ಹೆಸರೇ ಹೊಟ್ಟೆಗೆ ಕುತ್ತಾಗೋ ಊರಲ್ಲಿ ಬದುಕ್ತಿದ್ದೀವಿ.

ಹೆಸರು ಹಾಕೋಕೆ ಆಗಲಿಲ್ಲ, ಸರಿ. ಬೇರೆ ಏನು ಮಾಡಬಹುದು? ಉಸ್ತಾದರಿಗೆ ಕೆಮ್ಮು ಇದೆ. ನಲವತ್ತು ವರ್ಷ ಉಜ್ಜಿದ ಧೂಳು, ಥಿನ್ನರ್ ವಾಸನೆ. ಪಿಎಫ್ ಇಲ್ಲ, ಇಎಸ್ಐ ಇಲ್ಲ. 2024ರಲ್ಲಿ ರಾಜ್ಯ ಸರ್ಕಾರ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತಲೇ ಕಾಯ್ದೆ ತಂದಿದೆ, ಗ್ಯಾರೇಜ್ ಕೆಲಸದವರೂ ಅದರಲ್ಲಿ ಬರ್ತಾರೆ. ಉಸ್ತಾದರಿಗೆ ಅದು ಗೊತ್ತೇ ಇರಲಿಲ್ಲ. ಕಳೆದ ಭಾನುವಾರ ಗ್ರೈಂಡರ್ ಪಕ್ಕಕ್ಕಿಟ್ಟು ಅವರದ್ದು, ಅವರ ಶೆಡ್ಡಿನ ಇನ್ನು ಮೂವರದ್ದು ನೋಂದಣಿಗೆ ಕಾಗದಪತ್ರ ಜೋಡಿಸಿದೆ. ಅವರ ಕೈಗೆ ಗೊತ್ತಿರೋದು ನನ್ನ ಕೈಗೆ ಬರೋಕೆ ಇನ್ನೂ ವರ್ಷಗಳು ಬೇಕು. ನನ್ನ ಕೈಗೆ ಗೊತ್ತಿರೋ ಗುಮಾಸ್ತಿಕೆ ಅವರಿಗೆ ಅವತ್ತೇ ಉಪಯೋಗಕ್ಕೆ ಬಂತು.

ಗೆಳೆಯರೇ, ನಿಮ್ಮಲ್ಲಿ ಓದು ಬರಹ ಇರೋರು ಸಾವಿರ ಜನ ಇದ್ದೀರಿ. ನಿಮ್ಮ ಬೀದಿ ಕೊನೆಯ ಟಿಂಕರ್, ಪಂಕ್ಚರ್ ಹುಡುಗ, ವೆಲ್ಡಿಂಗ್‌ನವರ ಹತ್ರ ಒಂದು ಸಂಜೆ ಕೂತು ಇದೇ ಕೆಲಸ ಮಾಡಿ. ಸಂಘದ ಸಭೆಗೂ ಅವರನ್ನ ಕರೀರಿ, ಶಾಮಿಯಾನ ಕಟ್ಟೋಕಲ್ಲ, ಮಾತಾಡೋಕೆ. ಮಕ್ಕಳು ಮನೇಲಿ ಸುತ್ತಿಗೆ ಮುಟ್ಟಿದ್ರೆ ಬೈಬೇಡಿ, ಪುಸ್ತಕ ಕೆಳಗಿಡದಂಗೆ ನೋಡ್ಕೊಳ್ಳಿ, ಸಾಕು.

ಫೋನ್ ಮಾಡಿದ ಹಿರಿಯರಿಗೆ: ಸ್ಕಾಲರ್‌ಶಿಪ್ ಅರ್ಜಿ ಹಿಡ್ಕೊಂಡು ಸೋಮವಾರ ನಾನೂ ಬರ್ತೀನಿ ಸಾರ್. ಭಾನುವಾರ ಮಾತ್ರ ನನ್ನನ್ನ ಬಿಟ್ಟುಬಿಡಿ.

ಹಳೇ ಫೋಟೋದ ಕೆಳಗಿನ ಸಾಲು ಇವತ್ತು ತಿದ್ದಿದ್ದೀನಿ. 'ಮೂರು ಜನ ಸೇರಿ ಮಾಡಿದ್ವಿ' ಅಂತ. ಕಾರಿಗೆ ಪೇಂಟ್ ಇನ್ನೂ ಆಗಿಲ್ಲ, ಸೀಟೂ ಹಾಕಿಲ್ಲ. ಅಪ್ಪ ದಿನಾ ಬೆಳಿಗ್ಗೆ ಬಂದು ಬಾಗಿಲ ತಳಕ್ಕೆ ಕಡ್ಡಿ ಹಾಕಿ ನೋಡಿ ಹೋಗ್ತಾರೆ. ಸೀಟು ಹಾಕಿದ ದಿನ ಮೊದಲು ಯಾರು ಕೂರೋದು ಅಂತ ನಮ್ಮ ಮನೇಲಿ ಯಾರೂ ಕೇಳಿಲ್ಲ.

ಜೈಭೀಮ್.